ಅಮ್ಮನ ಕೈಯ ಕಿಡಿ

ಜೀನ್ಸ್ ಹೊಲಿಯಲು ನಮ್ಮ ಕಡೆಯ ಹೆಂಗಸರು ರಾಯದುರ್ಗಕ್ಕೆ ಗುಳೆ ಹೋಗುತ್ತಿದ್ದ ಕಾಲವದು. ನನ್ನನ್ನು ನಮ್ಮೂರು ರೊಳ್ಳದಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಅಮ್ಮನೂ ಹೋಗಿದ್ದಳು. ಎಂಟು ತಿಂಗಳಾದ ಮೇಲೆ, ಸಂಕ್ರಾಂತಿ ಮುಗಿದ ವಾರ, “ಇಲ್ಲೇ ಇಸ್ಕೂಲಿಗೆ ಸೇರುಸ್ತೀನಿ, ಕರ್ಕಂಬಾ” ಎಂದು ಅಜ್ಜಿಗೆ ಹೇಳಿ ಕಳಿಸಿದಳು. ನನಗಾಗ ಏಳು ವರ್ಷ. ಬಸ್ಸಿನಲ್ಲಿ ಒಂದು ಕಡೆ ಕೂತವಳಲ್ಲ. ಅಜ್ಜಿಯ ಮಡಿಲಲ್ಲಿದ್ದ ಹುರಿದ ಕಡಲೆಕಾಯನ್ನೆಲ್ಲ ಮುಗಿಸಿ, “ಬಂತಾ, ಬಂತಾ” ಎಂದು ಅವಳ ತಲೆ ತಿಂದೆ.

ಹೊಲಿಗೆ ಶೆಡ್ಡಿನಲ್ಲಿ ಹೊಸ ಬಟ್ಟೆಯ ಗಂಜಿ ವಾಸನೆ, ಮಿಷನ್ ಎಣ್ಣೆಯ ವಾಸನೆ. ನೈಲಾನ್ ಸೀರೆ ಉಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಮ್ಮ ನನ್ನನ್ನು ಕಂಡವಳೇ ಓಡಿಬಂದು ಕೆನ್ನೆಗೆ ಕೈ ಚಾಚಿದಳು. ಚಟ್! ಸೂಜಿ ಚುಚ್ಚಿದಂತಾಗಿ ಕಿರುಚಿಕೊಂಡು ಅಜ್ಜಿಯ ಹಿಂದೆ ಅಡಗಿದೆ. ಹಿಂದಿನ ತಿಂಗಳಷ್ಟೇ ಊರಿನಲ್ಲಿ ಮೋಟರಿನ ವೈರು ತುಳಿದು ಎತ್ತೊಂದು ಸತ್ತದ್ದನ್ನು ಕಣ್ಣಾರೆ ಕಂಡಿದ್ದೆ. ದಿನವಿಡೀ ಕರೆಂಟ್ ಮಿಷನ್ ತುಳಿದು ಅಮ್ಮನ ಮೈತುಂಬ ಕರೆಂಟು ಸೇರಿಕೊಂಡಿದೆ ಎಂದೇ ನಂಬಿದೆ.

ಅಜ್ಜಿ ನನಗಿಂತ ಬುದ್ಧಿವಂತಳೇನಲ್ಲ. ಸಂಜೆ ಬಾಡಿಗೆ ಕೋಣೆಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅಮ್ಮನಿಗೆ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಘಾಟಿಗೆ ವಠಾರವೆಲ್ಲ ಕೆಮ್ಮಿತು. ಅಮ್ಮನ ಜೊತೆ ಹೊಲಿಯುವ ಪಕ್ಕದ ಕೋಣೆಯ ಹುಲಿಗೆಮ್ಮ ಕೆಮ್ಮುತ್ತಲೇ ಬಂದಳು.

“ಇದು ಕರೆಂಟ್ ಮಿಷಿನ್ದಲ್ರಿ ಅಜ್ಜಿ. ಒಣ ಗಾಳಿ, ನೈಲಾನ್ ಸೀರಿ, ಕಾಲಾಗ ರಬ್ಬರ್ ಚಪ್ಪಲಿ. ಬಟ್ಟಿ ತಿಕ್ಕಿ ತಿಕ್ಕಿ ಮೈಯಾಗ ಕೂಡ್ತದ. ಒಂದು ಸಲ ಚಟ್ ಅಂದ್ರ ಮುಗೀತು. ಯಾರೂ ಸಾಯಂಗಿಲ್ರಿ.”

ಅಮ್ಮ ಚಪ್ಪಲಿ ಬಿಟ್ಟು ಅಂಗಳಕ್ಕಿಳಿದಳು. ಬೋರಿಂಗಿನ ಕಬ್ಬಿಣದ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದನ್ನು ನನ್ನತ್ತ ಚಾಚಿದಳು.

“ಈಗ ಏನೂ ಆಗಲ್ಲ, ಬಾರೆ ಮಗಾ.”

ನಾನು ಹೋಗಲಿಲ್ಲ. “ಊರಿಗೋಗಣ ಅಜ್ಜಿ” ಎಂದು ಒಂದೇ ಹಟ ಹಿಡಿದೆ. “ಕೂಸು ಹೆದ್ರೈತೆ. ಮುಂದಿನ್ ವರ್ಷ ಕರ್ಕಂಬತ್ತೀನಿ ಬಿಡು” ಎಂದು ಅಜ್ಜಿ ಮಾರನೆಯ ದಿನವೇ ಬಸ್ಸು ಹತ್ತಿಸಿದಳು. ಅಮ್ಮ ಕಿಟಕಿಯ ಸರಳು ಹಿಡಿದು ನಿಂತಳೇ ಹೊರತು ನನ್ನನ್ನು ಮುಟ್ಟಲಿಲ್ಲ.

ಆ ಮುಂದಿನ ವರ್ಷ ಬರಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಅಮ್ಮನನ್ನು ನೆಂಟರಂತೆ ನೋಡುವುದನ್ನು ಕಲಿತಿದ್ದೆ. ಆ ಹಟಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಇವತ್ತಿಗೂ ಅಮ್ಮ ನಮ್ಮ ಮನೆಗೆ ಬಂದರೆ, ಚಪ್ಪಲಿ ಬಿಟ್ಟು, ಕಬ್ಬಿಣದ ಗೇಟನ್ನು ಒಮ್ಮೆ ಮುಟ್ಟಿಯೇ ಮೊಮ್ಮಕ್ಕಳ ಕೆನ್ನೆ ಸವರುತ್ತಾಳೆ. ನನ್ನ ಕೆನ್ನೆಗೆ ಕೈ ಚಾಚುವುದಿಲ್ಲ. ನಾನೂ ಕೇಳಿಲ್ಲ.