ಸ್ಪಿರಿಟ್ ಬಾಟಲಿ ಕಡಿಮೆಯಾಗಿತ್ತು

ಮೆಹಬೂಬ ಅಂದು ಕುಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವನ ಎದುರಿಗೇ ನಿಂತು, ಅವನು ಕುಡಿದಿದ್ದ ಎಂದು ಊರೆಲ್ಲ ನಂಬುವಂಥ ಒಂದು ಮಾತು ಆಡಿದೆ. ಆ ಮಾತು ಸುಳ್ಳಾಗಿರಲಿಲ್ಲ—ಅದೇ ಅದರ ಹೊಲಸು. ಸುಳ್ಳಾಗಿದ್ದರೆ ಯಾರಾದರೂ ಹಿಡಿದುಬಿಡುತ್ತಿದ್ದರೋ ಏನೋ.

ನನ್ನ ಹೆಸರು ರಾಚಪ್ಪ. ನಿಜಾಮರ ರಾಜ್ಯವಿದ್ದಾಗ ಕಲಬುರಗಿಯ ಶಹಾಬಜಾರದಲ್ಲಿ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಔಷಧ ಕಲಸುವುದು, ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು ನನ್ನ ಕೆಲಸ. ಮೆಹಬೂಬ ಡಾಕ್ಟರ ಮೋಟಾರ್ ಸೈಕಲ್ಲು, ನಮ್ಮ ಬಾಯಲ್ಲಿ ಫಟಫಟಿ, ಓಡಿಸುತ್ತಿದ್ದ. ಮೋಮಿನಪುರದವನು, ನನಗಿಂತ ಐದಾರು ವರ್ಷ ಚಿಕ್ಕವನು, ಐದು ಹೊತ್ತಿನ ನಮಾಜು ತಪ್ಪಿಸದವನು. ಫಟಫಟಿಯ ಪಕ್ಕಕ್ಕೆ ತೊಟ್ಟಿಲಿನಂಥ ಒಂದು ಗಾಡಿ ಜೋಡಿಸಿತ್ತು. ಡಾಕ್ಟರು ಅದರಲ್ಲಿ ಕೂತು ವಾರಕ್ಕೊಮ್ಮೆ, ಸಂತೆಯ ದಿನ, ಕಮಲಾಪುರಕ್ಕೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಓಡಿಸುವವನ ಮುಖಕ್ಕೆ ಗಾಳಿ, ಧೂಳು ಬಡಿಯದಿರಲೆಂದು ಹ್ಯಾಂಡಲ್ಲಿನ ಮೇಲೆ ಒಂದು ತಿಳಿ ಪರದೆ ನಿಲ್ಲಿಸಿದ್ದರು. ನೋಡಿದವರು ಗಾಜೆನ್ನುತ್ತಿದ್ದರು. ಅದು ಗಾಜಲ್ಲ.

ಗಾಜಲ್ಲ ಎಂದು ನನಗೆ ಹೇಳಿದವನೂ ಮೆಹಬೂಬನೇ. ಮಹಾನವಮಿಯ ಆಯುಧಪೂಜೆಗೆ ನಾನು ದವಾಖಾನೆಯ ಕತ್ತರಿ, ಚಿಮಟಿಗಳ ಜೊತೆಗೆ ಫಟಫಟಿಗೂ ಪೂಜೆ ಮಾಡುತ್ತೇನೆಂದು ಹಟ ಹಿಡಿದಿದ್ದೆ. ಚೆಂಡು ಹೂವಿನ ಮಾಲೆ ಸರಿ, ಆದರೆ ನನಗೆ ಪರದೆಯ ಮೇಲೆ ಹೊಳೆಯುವ ಬೇಗಡೆಯೂ ಬೇಕಿತ್ತು, ಬನ್ನಿಯ ಟೊಂಗೆಯೂ ಬೇಕಿತ್ತು.

"ಹೂವು ಇಡ್ರಿ, ಬನ್ನಿ ಇಡ್ರಿ, ನಾ ಯಾಕ ಬ್ಯಾಡ ಅನ್ಲಿ," ಎಂದ ಅವನು. "ಪರದಿಗಿ ಮಾತ್ರ ಗೋಂದು ಹಚ್ಚಬ್ಯಾಡ್ರಿ ರಾಚಣ್ಣ. ಅದು ಗಾಜಲ್ಲ. ಬಾಚಣಿಗಿ ಮಾಡ್ತಾರಲ್ರಿ, ಆ ಜಾತಿದು. ಭಾಳ ನಾಜೂಕ ಅದ."

ಗೋಂದು ಬೇಡ ಎಂದನಲ್ಲ, ನಾನು ಗೋಂದು ಹಚ್ಚಲಿಲ್ಲ. ಕಂಪೌಂಡರನ ಬುದ್ಧಿ ಓಡಿಸಿದೆ. ಗಾಯದ ಮೇಲಿನ ಹತ್ತಿ ಜಾರದಂತೆ ಚರ್ಮಕ್ಕೆ ಅಂಟಿಸುವ ಪಟ್ಟಿಯ ಸುರುಳಿ ಇತ್ತಲ್ಲ—ಅದನ್ನು ಉದ್ದುದ್ದ ಕತ್ತರಿಸಿ ಬೇಗಡೆಯನ್ನೂ ಬನ್ನಿಯನ್ನೂ ಪರದೆಗೆ ಬಿಗಿದೆ. ಮನುಷ್ಯನ ತೊಗಲಿಗೆ ಆಗದ ನೋವು ಇದಕ್ಕೇನಾದೀತು ಎಂದು ನನ್ನ ಲೆಕ್ಕ. ಡಾಕ್ಟರು ನೋಡಿ ನಕ್ಕರು. ನಾನು ಉಬ್ಬಿಹೋದೆ.

ಹಬ್ಬ ಮುಗಿದು ಪಟ್ಟಿ ಕಿತ್ತಾಗ ಅಂಟು ಉಳಿಯಿತು. ಪರದೆಯ ನಟ್ಟನಡುವೆ, ಓಡಿಸುವವನ ಕಣ್ಣಿಗೆ ನೇರವಾಗಿ, ನಾಲ್ಕು ಬೆರಳಗಲದ ಜಿಗುಟು ಗೆರೆಗಳು. ಒಂದೇ ದಿನದಲ್ಲಿ ರಸ್ತೆಯ ಧೂಳೆಲ್ಲ ಹತ್ತಿ ಕಪ್ಪಾದವು. ದವಾಖಾನೆಯ ಕಟ್ಟೆಯ ಮೇಲೆ ರೋಗಿಗಳು ಕೂತಿದ್ದಾಗಲೇ ಮೆಹಬೂಬ ಅದನ್ನು ಉಗುರಿನಿಂದ ಮುಟ್ಟಿ ನೋಡಿದ. "ಕುಸುಬಿ ಎಣ್ಣಿ ಹಚ್ಚಿ ಒಂದಿನ ಬಿಟ್ರ ತಾನೇ ಸಡ್ಲ ಆಗ್ತದ. ನಾ ತೆಗಿತೀನಿ. ನೀವು ಮತ್ತ ಕೈ ಹಚ್ಚಬ್ಯಾಡ್ರಿ."

ಅವನು ಮೆಲ್ಲಗೇ ಹೇಳಿದ್ದ. ಆದರೆ ಕಟ್ಟೆಯ ಮೇಲಿದ್ದ ಯಾರೋ ನಕ್ಕರು. ಅಥವಾ ನಕ್ಕರೆಂದು ನನಗನ್ನಿಸಿತು—ಈಗ ಖಾತ್ರಿಯಿಲ್ಲ. ಪಟ್ಟಿಯ ಅಂಟನ್ನು ದಿನಕ್ಕೆ ಹತ್ತು ಜನರ ಮೈಮೇಲಿಂದ ತೆಗೆಯುವವನು ನಾನು. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಎರಡು ಸಲ ಒರೆಸಿದರೆ ಮುಗಿಯಿತು. ಅಂಟು ತೆಗೆಯುವುದನ್ನು ನನಗೆ ಒಬ್ಬ ಫಟಫಟಿಯವನು ಕಲಿಸಬೇಕೆ?

ಸಂತೆಯ ದಿನ ಬೆಳಿಗ್ಗೆ, ಅವನು ಚಹಾ ಕುಡಿಯಲು ಹೋದ ಹೊತ್ತು ನೋಡಿ, ದೊಡ್ಡ ಬಾಟಲಿಯಿಂದ ಒಂದು ಸಣ್ಣ ಸೀಸೆಗೆ ಸ್ಪಿರಿಟ್ ಬಗ್ಗಿಸಿಕೊಂಡು, ಒಂದು ಅರಿವೆ ಹಿಡಿದು ಹೋದೆ. ಒರೆಸಿದೆ. ಅಂಟು ಬಂತು. ಎರಡೇ ಸಲಕ್ಕೆ, ನಾನೆಂದುಕೊಂಡಂತೆಯೇ. ಒದ್ದೆಯಿದ್ದಾಗ ಪರದೆ ಬಾವಿಯ ನೀರಿನಷ್ಟು ತಿಳಿಯಾಗಿ ಕಂಡಿತು. ಆರಿದ ಮೇಲೆ—ನಾನು ಕಣ್ಣು ಹತ್ತಿರ ತಂದು ನೋಡಿದೆ—ಒರೆಸಿದ ಜಾಗದಲ್ಲೆಲ್ಲ ಗಂಜಿ ಬಳಿದಂತೆ ಒಂದು ತೆಳು ಮಬ್ಬು ಕೂತಿತ್ತು. ಬೆರಳಿಟ್ಟರೆ ಬೆರಳಚ್ಚು ಮೂಡುವಷ್ಟು ಮೆತ್ತಗಾಗಿತ್ತು. ಅದು ಮೇಲೆ ಹತ್ತಿದ ಕೊಳೆಯಲ್ಲ, ಪರದೆಯೇ ಕೆಟ್ಟಿದೆ ಎಂದು ಆ ಕ್ಷಣವೇ ತಿಳಿಯಿತು. ಇನ್ನಷ್ಟು ಸ್ಪಿರಿಟ್ ಹಾಕಿ ಇನ್ನಷ್ಟು ತಿಕ್ಕಿದೆ. ಮಬ್ಬು ಹರಡಿತು.

ಅಷ್ಟರಲ್ಲಿ ಮೆಹಬೂಬನ ಹೆಜ್ಜೆ ಕೇಳಿಸಿತು. ಸೀಸೆಯನ್ನೂ ಅರಿವೆಯನ್ನೂ ಎಲ್ಲಿ ಬಚ್ಚಿಡಲಿ? ಅವನ ಸೀಟಿನ ಕೆಳಗಿದ್ದ ಪಾನಾ, ಸುತ್ತಿಗೆಗಳ ಚೀಲದೊಳಗೆ ತುರುಕಿದೆ.

"ಇದಕ್ಕೇನ ಹಚ್ಚೀರಿ?" ಎಂದು ಅವನು ಕೇಳಿದ. ಪರದೆ ನೆರಳಿನಲ್ಲಿತ್ತು. ನೆರಳಿನಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ.

"ನೀರು," ಎಂದೆ. ಅದು ಮೊದಲನೆಯದು.

ಡಾಕ್ಟರು ಆಗಲೇ ತೊಟ್ಟಿಲಲ್ಲಿ ಕೂತು ಅವಸರ ಮಾಡುತ್ತಿದ್ದರು. ಮೆಹಬೂಬ ತೋಳಿನಿಂದ ಪರದೆಯನ್ನೊಮ್ಮೆ ಉಜ್ಜಿ ಹೊರಟ. ಸಂಜೆ ಬಂದ ಮೇಲೆ ಸೀಸೆ ತೆಗೆದರಾಯಿತು, ಪರದೆಯ ವಿಷಯ ಹೇಗೋ ಹೇಳಿದರಾಯಿತು ಎಂದುಕೊಂಡೆ. ಹೊತ್ತು ನೆತ್ತಿಗೇರುತ್ತಿತ್ತು, ಹೋಗುವಾಗ ತೊಂದರೆಯಿಲ್ಲ. ಬರುವಾಗ ಮುಳುಗುವ ಸೂರ್ಯ ಎದುರಿಗಿರುತ್ತಾನೆಂಬುದು ನನಗೆ ಹೊಳೆಯಲಿಲ್ಲ ಎನ್ನಲೇ? ಹೊಳೆಯಿತು. ಮಧ್ಯಾಹ್ನ ರೊಟ್ಟಿ ಮುರಿಯುವಾಗ ಹೊಳೆಯಿತು. ರೊಟ್ಟಿ ಬಿಟ್ಟು ಎದ್ದೆ. ಯಾರದಾದರೂ ಸೈಕಲ್ ಇಸಿದುಕೊಂಡು ಕಮಲಾಪುರದ ದಾರಿ ಹಿಡಿದಿದ್ದರೆ, ಹೊತ್ತು ಇಳಿಯುವ ಮೊದಲು ಅವರನ್ನು ಅಲ್ಲಿಯೇ ತಡೆಯಬಹುದಿತ್ತು. ದವಾಖಾನೆಯ ಬಾಗಿಲಿಗೂ ಬೀದಿಯ ಮೂಲೆಗೂ ಅಡ್ಡಾಡಿದೆ, ಅಷ್ಟೇ.

ಹಳ್ಳದ ಸೇತುವೆಯ ಹತ್ತಿರ ರಸ್ತೆ ಪಶ್ಚಿಮಕ್ಕೆ ಹೊರಳುವಲ್ಲಿ ಆಯಿತು. ಬಿಸಿಲು ಮಬ್ಬಿನ ಮೇಲೆ ಬಿದ್ದು ಪರದೆಯೆಲ್ಲ ಬೆಳ್ಳಗಾಗಿರಬೇಕು. ಫಟಫಟಿ ಸೇತುವೆಯ ಕಲ್ಲಿಗೆ ಬಡಿಯಿತು. ಡಾಕ್ಟರ ಭುಜದ ಎಲುಬು ಮುರಿಯಿತು, ಮೆಹಬೂಬನ ಹಣೆ ಒಡೆಯಿತು. ಆ ಹಣೆಯ ರಕ್ತದಲ್ಲೇ ಅವನು ಡಾಕ್ಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಗೆ ತಂದ. ಬಾಳೆಗೊನೆ ಹೇರಿಕೊಂಡು ಬರುತ್ತಿದ್ದ ಒಂದು ಬಂಡಿಯವನು ಗೊನೆಗಳನ್ನು ಅಲ್ಲಿಯೇ ಇಳಿಸಿ ಇಬ್ಬರನ್ನೂ ಊರಿಗೆ ಕರೆತಂದ. ದಾರಿಯುದ್ದಕ್ಕೂ ಡಾಕ್ಟರ ಮೂಗಿಗೆ ಮೆಹಬೂಬನ ಅಂಗಿಯಿಂದ ಸ್ಪಿರಿಟ್ಟಿನ ವಾಸನೆ ಬಡಿಯುತ್ತಿತ್ತು. ಸೀಟಿನ ಕೆಳಗಿನ ಸೀಸೆ ಒಡೆದು ಅವನ ಬಟ್ಟೆಗೆಲ್ಲ ಚೆಲ್ಲಿತ್ತು. ಸೀಸೆಯ ಕುತ್ತಿಗೆ ರಸ್ತೆಯ ಮೇಲೆ ಬಿದ್ದದ್ದನ್ನು ಡಾಕ್ಟರು ಕಂಡಿದ್ದರು. ದವಾಖಾನೆಯ ಸೀಸೆ ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಮರುದಿನ ಫಟಫಟಿಯನ್ನು ತರಲು ಹೋದವನು ನಾನೇ. ನಾನಾಗಿಯೇ ಮುಂದೆ ಬಂದು ಹೋದೆ—ನನ್ನ ನಿಷ್ಠೆ ನೋಡಿ ಎಲ್ಲರೂ ಮೆಚ್ಚಿದರು. ಫಟಫಟಿ ಹೇರಲು ಕರೆದೊಯ್ದಿದ್ದ ಬಂಡಿಯವನನ್ನು ಎತ್ತಿಗೆ ನೀರು ಕುಡಿಸಲು ಹಳ್ಳಕ್ಕೆ ಕಳಿಸಿ, ಪರದೆಯ ಚೂರುಗಳನ್ನೆಲ್ಲ ಆರಿಸಿ ಗುಡ್ಡೆ ಹಾಕಿ ಕಡ್ಡಿ ಗೀರಿದೆ. ಭಗ್ಗೆಂದು ಹತ್ತಿಕೊಂಡಿತು. ಕರ್ಪೂರದ ವಾಸನೆ. ಆ ಪರದೆಯ ಪದಾರ್ಥದಲ್ಲಿ, ಸೆಲ್ಯುಲಾಯ್ಡಿನಲ್ಲಿ, ಕರ್ಪೂರ ಬೆರೆಸಿರುತ್ತಾರೆಂದು ಆಮೇಲೆ ತಿಳಿಯಿತು. ಆಗ ತಿಳಿದಿರಲಿಲ್ಲ. ಹಾಡುಹಗಲಲ್ಲಿ, ನಾನು ಮಾಡುತ್ತಿದ್ದ ಕೆಲಸದಿಂದ ಗುಡಿಯ ಗರ್ಭಗೃಹದ ವಾಸನೆ ಎದ್ದಿತು. ಆದರೂ ಪೂರ್ತಿ ಉರಿಯುವತನಕ ನಿಂತಿದ್ದು, ಬೂದಿಯನ್ನು ಚಪ್ಪಲಿಯಿಂದ ಮಣ್ಣಿಗೆ ಬೆರೆಸಿ ಬಂದೆ.

ನಾಲ್ಕನೆಯ ದಿನ ಡಾಕ್ಟರು ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ದವಾಖಾನೆಗೆ ಬಂದು ಕೂತರು. ಮೆಹಬೂಬನನ್ನು ಕರೆಸಿದರು. ಅವನ ಜೊತೆ ಮೋಮಿನಪುರದ ಇಬ್ಬರು ಹಿರಿಯರೂ ಬಂದಿದ್ದರು. ಮೆಹಬೂಬನ ಹಣೆಗೆ ಕಟ್ಟಿದ್ದ ಅರಿವೆ ನಾನೇ ಹಿಂದಿನ ದಿನ ಬದಲಿಸಿದ್ದು.

"ನನಗ ಕಾಣ್ಲಿಲ್ರಿ ಸಾಹೇಬ್ರ," ಎಂದ ಅವನು. "ಒಮ್ಮಿಗೇ ಎಲ್ಲಾ ಬೆಳ್ಳಗಾತು. ಆ ಸೀಸಿ ಅಲ್ಲಿ ಹ್ಯಾಂಗ ಬಂತು ನನಗ ಗೊತ್ತಿಲ್ರಿ."

ಡಾಕ್ಟರು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ರಾಚಪ್ಪ, ಸ್ಪಿರಿಟ್ ಬಾಟ್ಲಿ ಕಡಿಮಿ ಆಗ್ಯಾದೇನು?"

ಹೊರಗೆ ಕಟ್ಟೆಯ ಮೇಲೆ ಒಂದು ಕೂಸು ಅಳುತ್ತಿತ್ತು. "ಆಗ್ಯಾದ, ಬಗ್ಗಿಸಿದಾಂವ ನಾನಽ" ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಮೊದಲನೆಯ ತುಂಡು ಮಾತ್ರ ಬಂತು.

"ಆಗ್ಯಾದ್ರಿ."

ಹಿರಿಯರಲ್ಲಿ ಒಬ್ಬರು ಕಣ್ಣು ಮುಚ್ಚಿಕೊಂಡರು. ಮೆಹಬೂಬ ನನ್ನ ಮುಖವನ್ನೇ ನೋಡಿದ. ಈಗ ಹೇಳುತ್ತಾನೆ, ಪರದೆ ಒರೆಸಿದವನು ನಾನೆಂದು ಈಗ ಎತ್ತುತ್ತಾನೆ ಎಂದುಕೊಂಡೆ. ಅವನು ಡಾಕ್ಟರಿಗೆ ಹೇಳಿದ್ದು ಬೇರೆ. "ರಾಚಣ್ಣ ಸುಳ್ಳ ಹೇಳೋ ಮನುಷ್ಯ ಅಲ್ರಿ. ಕಡಿಮಿ ಆಗಿದ್ರ ಆಗಿರ್ಬೇಕು. ಖರೇ ಹೇಳ್ತೀನ್ರಿ, ನಾ ತಗೊಂಡಿಲ್ಲ."

ಅವನನ್ನು ಅಂದೇ ಕೆಲಸದಿಂದ ಬಿಡಿಸಿದರು. ಕುಡಿದು ಫಟಫಟಿ ಓಡಿಸಿದವ, ಅದೂ ದವಾಖಾನೆಯ ಸ್ಪಿರಿಟ್ ಕದ್ದು ಕುಡಿದವ—ಈ ಹೆಸರು ಹೊತ್ತ ಮೇಲೆ ಕಲಬುರಗಿಯಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಮೋಮಿನಪುರದ ಓಣಿಯಲ್ಲಿ ಸೈಕಲ್ ರಿಪೇರಿಗೆ ಕೂತ. ಮಸೀದಿಯಲ್ಲಿ ಅವನ ಪಕ್ಕದ ಜಾಗ ಖಾಲಿ ಬಿಡುತ್ತಿದ್ದರೆಂದು ಕೇಳಿದೆ.

ಕೆಲಸ ಹೋಗುತ್ತದೆಂಬ ಹೆದರಿಕೆ ನನ್ನ ಬಾಯಿ ಕಟ್ಟಿತೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಡಾಕ್ಟರು ಬೈದು ಬಿಟ್ಟುಬಿಡುತ್ತಿದ್ದರು, ನನ್ನಂಥ ಕೈ ಅವರಿಗೆ ಬೇಕಿತ್ತು. ನನಗೆ ತಡೆಯಲಾಗದೇ ಇದ್ದದ್ದು ನಾಚಿಕೆ. ಸ್ಪಿರಿಟ್ಟಿನ ಗುಣ ಕಂಪೌಂಡರನಿಗೆ ಗೊತ್ತಿರಲಿಲ್ಲ, ಫಟಫಟಿಯವನಿಗೆ ಗೊತ್ತಿತ್ತು ಎಂದು ಕಟ್ಟೆಯ ಮೇಲಿನವರು ನಗುತ್ತಾರಲ್ಲ, ಅದು. ಅಷ್ಟಕ್ಕೆ ಒಬ್ಬ ಮನುಷ್ಯನ ಹೆಸರು ಸುಟ್ಟೆ.

ನಿಜಾಮರ ರಾಜ್ಯ ಹೋಯಿತು. ಡಾಕ್ಟರು ತೀರಿದರು. ಹೋದ ವರ್ಷ ನನ್ನ ಹೆಂಡತಿಯೂ ತೀರಿದಳು. ಅವಳಿಗೂ ಹೇಳಿರಲಿಲ್ಲ. ಯಾರ ಮುಂದೆ ನಾಚಬೇಕಿತ್ತೋ ಅವರೆಲ್ಲ ಹೋದ ಮೇಲೆ ನನಗೆ ಧೈರ್ಯ ಬಂತು—ಎಂಥ ಧೈರ್ಯ ನೋಡಿ. ಈ ಸೋಮವಾರ ಮೆಹಬೂಬನ ಅಂಗಡಿಗೆ ಹೋಗಿ, ಅವನು ಕೊಟ್ಟ ಸ್ಟೂಲಿನ ಮೇಲೆ ಕೂರದೆ, ನಿಂತೇ ಎಲ್ಲ ಹೇಳಿದೆ. ಸೀಸೆ, ನೀರೆಂದ ಸುಳ್ಳು, ಚೂರು ಸುಟ್ಟದ್ದು, ಎಲ್ಲ.

ಅವನು ಪಂಕ್ಚರಾದ ಟ್ಯೂಬನ್ನು ನೀರಲ್ಲಿ ಅದ್ದಿ ಹಿಡಿದಿದ್ದ. ಗುಳ್ಳೆ ಏಳುತ್ತಲೇ ಇದ್ದವು, ಅವನು ಟ್ಯೂಬ್ ಎತ್ತಲಿಲ್ಲ. ಅವನ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಹಣೆಯ ಮೇಲೆ ನಾನು ಪಟ್ಟಿ ಕಟ್ಟಿದ ಜಾಗದಲ್ಲಿ ಗಾಯದ ಗೆರೆ ಹಾಗೆಯೇ ಇದೆ.

"ನೀರಽ ಇರ್ಬೇಕು ಅಂತ ನಂಬಿದ್ದೆ ನಾ," ಎಂದ ಕೊನೆಗೆ. "ನಮ್ಮ ಅಮ್ಮ ದಿನಾ ಸಂಜಿಗಿ ನಾ ಮನಿಗಿ ಬಂದ ಕೂಡ್ಲೆ ನನ್ನ ಬಾಯಿ ಮೂಸಿ ನೋಡ್ತಿದ್ಲು. ಮೂಸಿ ನೋಡಿ ಆಮ್ಯಾಲ ರೊಟ್ಟಿ ಹಾಕ್ತಿದ್ಲು. ಹನ್ನೊಂದು ವರ್ಷ. ಸಾಯೋ ದಿನಾನೂ ಬಗ್ಗು ಅಂತ ಕೈ ಮಾಡಿದ್ಲು, ಬಗ್ಗಿದೆ. ನನಗ ಮಂದಿದೇನಿಲ್ಲ ರಾಚಣ್ಣ. ಆಕಿ ಒಬ್ಬಾಕಿಗಿ ಹೇಳ್ಬೇಕಾಗಿತ್ತು ನೀವು."

ಕ್ಷಮಿಸು ಎನ್ನಲು ಹೋಗಿದ್ದೆ. ಅದನ್ನು ಕೇಳಿದ ಮೇಲೆ ಆ ಶಬ್ದ ಬಾಯಿಗೆ ಬರಲಿಲ್ಲ, ಬರಬಾರದೆಂದೂ ಅನ್ನಿಸಿತು. ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಓದಿ ಹೇಳುತ್ತೇನೆ, ನಿನ್ನ ಒಪ್ಪಿಗೆ ಇದ್ದರೆ ಎಂದೆ.

"ಓದ್ರಿ," ಎಂದ, ಟ್ಯೂಬ್ ಎತ್ತಿ ಒರೆಸುತ್ತ. "ಜೋರ್ಲೆ ಓದ್ರಿ. ಅಂದಿನವ್ರು ಮೂರಽ ಮಂದಿ ಉಳಿದಾರ. ಮೂರೂ ಮಂದಿಗಿ ಕಿವಿ ಸರಿಯಾಗಿ ಕೇಳ್ಸಂಗಿಲ್ಲ."

ಅದಕ್ಕಾಗಿ ಇದನ್ನು ಬರೆದೆ. ನಾಳೆ ಶುಕ್ರವಾರ. ನನ್ನ ದನಿ ಈಗ ಮೊದಲಿನಷ್ಟು ಏರುವುದಿಲ್ಲ, ಆದರೂ ಏರಿಸಿ ಓದುತ್ತೇನೆ, ಆ ಮೂವರಿಗೂ ಮುಟ್ಟುವಂತೆ. ಮೆಹಬೂಬನ ಅಮ್ಮನಿಗೆ ಮುಟ್ಟುವಂತೆ ಓದಲು ನನಗೆ ಬರುವುದಿಲ್ಲ.