ಪಿಲ್‌ಸುನ್ ಅಕ್ಕ ಮತ್ತು ಹನ್ನೊಂದು ಸಿಡಿಬಿಲ್ಲೆ

ಓಕ್ ಪಿಲ್‌ಸುನ್ ಅಕ್ಕ ಗಿಮ್ಹೆ ಊರಿನ ನಮ್ಮ ವಾಲ್ವ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಒತ್ತಡ ಪರೀಕ್ಷೆಯ ಕೆಲಸ ಮಾಡಿದಳು. ನಾನು ಪಕ್ಕದ ಮೇಜಿನಲ್ಲಿ ವಾಲ್ವಿನ ಒಳಮೈ ಉಜ್ಜಿ ನುಣುಪು ಮಾಡುವವಳು. ನಾನು ಉಜ್ಜಿಕೊಟ್ಟದ್ದನ್ನು ಅವಳು ತನ್ನ ಯಂತ್ರಕ್ಕೆ ಬಿಗಿದು, ಒಳಗೆ ನೀರು ತುಂಬಿ, ಒಳಗಿನ ಗಾಳಿಯನ್ನೆಲ್ಲ ಹೊರಬಿಟ್ಟು, ಪಂಪಿನಿಂದ ಒತ್ತಡ ಏರಿಸಿ ಹತ್ತು ನಿಮಿಷ ಕಾಯುತ್ತಿದ್ದಳು. ಒಂದು ಹನಿ ಜಿನುಗಿದರೂ ವಾಲ್ವು ನನ್ನ ಮೇಜಿಗೆ ವಾಪಸು. ಮೊದಲ ವರ್ಷವೆಲ್ಲ ನನಗೆ ಅವಳ ಮೇಲೆ ಸಿಟ್ಟಿತ್ತು. ಆಮೇಲೆ ಊಟಕ್ಕೆ ಒಟ್ಟಿಗೆ ಕೂರತೊಡಗಿದೆವು.

ಊಟವೆಂದರೂ ಅವಳಿಗೆ ಅವಸರವೇ. ಹಂದಿ ಮೂಳೆಯ ಸಾರಿಗೆ ಅನ್ನ ಸುರಿದುಕೊಂಡು, ಎರಡು ತುಂಡು ಮೂಲಂಗಿ ಕಿಮ್ಚಿ ಕಚ್ಚಿ, ನಾವಿನ್ನೂ ಅರ್ಧದಲ್ಲಿರುವಾಗಲೇ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಎದ್ದಾಗ ಕೆನ್ನೆಯ ಮೇಲೆ ಅಂಗಿತೋಳಿನ ಹೊಲಿಗೆ ಅಚ್ಚಾಗಿರುತ್ತಿತ್ತು. ನಾನು ಹೇಳಹೊರಟ ವರ್ಷ ಅವಳ ವಯಸ್ಸು ಐವತ್ತೆಂಟು. ವಾರಕ್ಕೆ ಆರು ದಿನ ಪಂಪಿನ ಮುಂದೆ, ಶರತ್ಕಾಲದ ಭಾನುವಾರಗಳಲ್ಲಿ ಜಿನ್‌ಯೊಂಗಿನ ತೋಟಗಳಲ್ಲಿ ಪರ್ಸಿಮನ್ ಹಣ್ಣು ಕೀಳುವ ಕೂಲಿ. "ಯಾಕಕ್ಕ, ಒಂದಿನನಾದ್ರೂ ಮನೇಲಿರಬಾರ್ದಾ?" ಅಂದರೆ, "ಮನೇಲಿದ್ರೆ ಸುಸ್ತು ಅಂತ ಗೊತ್ತಾಗ್ಬಿಡುತ್ತೆ ಕಣೇ" ಅನ್ನುತ್ತಿದ್ದಳು.

ಆ ವರ್ಷ ನಮಗೆ ಹೈಡ್ರೋಜನ್ ಕಾರುಗಳಿಗೆ ಇಂಧನ ತುಂಬುವ ನಿಲ್ದಾಣಗಳ ವಾಲ್ವು ಮಾಡುವ ಕೆಲಸ ಸಿಕ್ಕಿತು. ಒಂದೊಂದನ್ನೂ ಸಾವಿರದ ಐವತ್ತು ಬಾರ್ ಒತ್ತಡದಲ್ಲಿ ಪರೀಕ್ಷಿಸಬೇಕು. ಯಂತ್ರದ ಕಾವಲಿಗೆ ಒಂದು ಸಿಡಿಬಿಲ್ಲೆ. ನಾಣ್ಯದಗಲದ ತೆಳು ಲೋಹ. ನಾಲ್ಕು ಬೋಲ್ಟುಗಳ ಹಿಡಿಕೆಯಲ್ಲಿ ಕೂತಿರುತ್ತದೆ. ಒತ್ತಡ ಕೈಮೀರಿದರೆ ಮಿಕ್ಕದ್ದೆಲ್ಲ ಒಡೆಯುವ ಮೊದಲು ಅದು ಹರಿದು ನೀರನ್ನು ಹೊರಕ್ಕೆ ಬಿಡಬೇಕು. ಈ ಬಿಲ್ಲೆ ಸಾವಿರದ ಇನ್ನೂರ ಐವತ್ತಕ್ಕೆ ಸಿಡಿಯಬೇಕಾದದ್ದು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಒಂಬೈನೂರ ಎಂಬತ್ತಕ್ಕೇ ಸಿಡಿಯಿತು.

ಮಾರನೆಯ ದಿನ ಇನ್ನೊಂದು. ಎರಡು ವಾರದಲ್ಲಿ ಒಂಬತ್ತು. ಪ್ರತಿ ಸಲವೂ ಗುಂಡು ಹಾರಿದಂಥ ಸದ್ದು. ಆಮೇಲೆ ಎಲ್ಲ ಬಿಚ್ಚಿ, ಒರೆಸಿ, ಹೊಸ ಬಿಲ್ಲೆ ಕೂರಿಸಿ, ಮತ್ತೆ ನೀರು ತುಂಬಿ ಗಾಳಿ ಹೊರಬಿಡುವಷ್ಟರಲ್ಲಿ ಎರಡು ಗಂಟೆ ಹೋಗುತ್ತಿತ್ತು.

"ಮತ್ತೆ ಹೋಯ್ತಾ ಅಕ್ಕ?"

"ಹೋಯ್ತು. ನಂಗಿಂತ ಮುಂಚೆ ಅದಕ್ಕೇ ಸಾಕಾಗಿದೆ ಅಂತ ಕಾಣ್ಸುತ್ತೆ."

ಉಪ ವ್ಯವಸ್ಥಾಪಕ ಬಾಂಗ್ ಇನ್‌ಗ್ಯು ಮೂವತ್ತೈದರ ಮನುಷ್ಯ; ಮೇಲಿನವರ ಫೋನಿಗೆ ಉತ್ತರ ಹೇಳಿ ಹೇಳಿ ಗಂಟಲು ಕಟ್ಟಿತ್ತು. ಒಂದು ದಿನ ಬಿಲ್ಲೆಯ ಅಳತೆಗೇ ಕತ್ತರಿಸಿದ ದಪ್ಪ ಉಕ್ಕಿನ ತುಂಡು ತಂದ.

"ಅಮ್ಮಾ, ಈ ಕಂತಿನ ವಾಲ್ವುಗಳು ಮುಗಿಯೋತನಕ ಇದನ್ನ ಹಾಕ್ಬಿಡಿ."

"ಇದು ಸಿಡಿಯಲ್ವಲ್ಲ ಸಾರ್."

"ಅದಕ್ಕೇ ತಾನೇ ತಂದಿರೋದು!"

"ಹಂಗಾದ್ರೆ ಸಿಡಿಯೋದು ನಾನು. ಬರೀ ನೀರಾದ್ರೆ ಅಷ್ಟು ಭಯ ಇಲ್ಲ. ಎಲ್ಲೋ ಒಂದು ಮೂಲೇಲಿ ಗಾಳಿಗುಳ್ಳೆ ಉಳ್ಕೊಂಡ್ರೆ ಅದು ಅದುಮಿಟ್ಟ ಸ್ಪ್ರಿಂಗ್ ಇದ್ದಂಗೆ. ನಾನು ಮುಂಚೆ ಇದ್ದ ಕಡೆ ಹಿಂಗೇ ಉಕ್ಕು ಹಾಕಿದ್ರು. ವಾಲ್ವಿನ ಮುಚ್ಚಳ ಹಾರಿ ಮೇಸ್ತ್ರಿ ದವಡೆ ಹೋಯ್ತು. ಆಮೇಲೆ ಹನ್ನೆರಡು ವರ್ಷ ಗಂಜಿ ಕುಡ್ಕೊಂಡು ಬದುಕಿದ್ದ. ನಾನ್ ಹಾಕಲ್ಲ ಸಾರ್. ನೀವು ಹಾಕ್ಸೋದಾದ್ರೆ ನನ್ನನ್ನ ಮನೆಗೆ ಕಳ್ಸಿ ಹಾಕ್ಸಿ."

ಬಾಂಗ್ ಉಕ್ಕಿನ ತುಂಡನ್ನು ಜೇಬಿಗಿಳಿಸಿ ಹೊರಟುಹೋದ. ಅವನ ಸಿಟ್ಟೆಲ್ಲ ಬಿಲ್ಲೆ ಮಾಡಿಕೊಡುತ್ತಿದ್ದ ಪ್ಯೊ ಚಾಂಗ್‌ಸಿಕ್‌ನ ಮೇಲೆ ತಿರುಗಿತು. ಪ್ಯೊ ಯಾಂಗ್‌ಸಾನಿನವನು, ಗಂಡ ಹೆಂಡತಿ ಇಬ್ಬರೇ ನಡೆಸುವ ಸಣ್ಣ ಕಾರ್ಖಾನೆ. ಕರೆಸಿದಾಗ ತನ್ನ ಪರೀಕ್ಷೆಯ ಕಾಗದ ಹಿಡಿದು ಬಂದ. "ಇದೇ ಕಂತಿನ ಬಿಲ್ಲೆ ನನ್ನ ಹತ್ರ ಸಾವಿರದ ಇನ್ನೂರ ನಲವತ್ತಕ್ಕೆ ಹರಿದಿದೆ ಸಾರ್, ಸುಳ್ಳು ಹೇಳಲ್ಲ." ಬಾಂಗ್ ಕಾಗದವನ್ನು ತಿರುಗಿಯೂ ನೋಡಲಿಲ್ಲ. ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ಬೇರೆಯವರಿಂದ ಕೊಳ್ಳುವುದಾಗಿ ಹೇಳಿ ಕಳಿಸಿದ.

ಗುರುವಾರದ ಹೊತ್ತಿಗೆ ಲೆಕ್ಕ ಹನ್ನೊಂದಾಗಿತ್ತು. ಅವತ್ತು ಅಕ್ಕ ಊಟವಾದ ಮೇಲೆ ಮಲಗಲಿಲ್ಲ. ಸಿಡಿದ ಬಿಲ್ಲೆಗಳನ್ನೆಲ್ಲ ಬಟ್ಟೆಯ ಮೇಲೆ ಹರಡಿಕೊಂಡು ಕೂತಳು. ಪ್ರತಿ ಬಿಲ್ಲೆಗೂ ಹೆಸರು ಕೊರೆದ ಸಣ್ಣ ಬಾಲವಿರುತ್ತದೆ. ಕೂರಿಸುವಾಗ ಬಾಲ ಯಾವಾಗಲೂ ನಮ್ಮ ಕಡೆಗೆ. ಬಾಲಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿಟ್ಟು ನನ್ನನ್ನು ಕರೆದಳು.

"ನೋಡೇ. ಎಲ್ಲಾ ಒಂದೇ ಕಡೆಯಿಂದ ಹರಿದಿವೆ. ಬಾಲದ ಎದುರುಗಡೆ. ಅಂಚಲ್ಲಿ ಕಚ್ಚಿದಂಗೆ ಒಂದು ಗೆರೆ."

ಬಾಲದ ಎದುರುಗಡೆ ಅಂದರೆ ಯಂತ್ರದ ಹಿಂಬದಿ, ಗೋಡೆಯ ಕಡೆಯ ನಾಲ್ಕನೆಯ ಬೋಲ್ಟು. ಮೂರನ್ನು ಅವಳು ಬಲಗೈಯಲ್ಲಿ ಬಿಗಿಯುತ್ತಿದ್ದಳು. ನಾಲ್ಕನೆಯದಕ್ಕೆ ಬಲಗೈ ಹೋಗುವಂತಿರಲಿಲ್ಲ, ಎಡಗೈಯನ್ನು ಸಂದಿಯಲ್ಲಿ ತೂರಿಸಬೇಕು. ಬಿಗಿಯುವ ಸ್ಪ್ಯಾನರು ಅಳತೆಯದು; ಸಾಕಾದಷ್ಟು ಬಿಗಿಯಾದರೆ ಒಳಗೆ ಟಕ್ ಅಂತ ಕೈಗೆ ಒದೆಯುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಅಕ್ಕ ಬಹಳ ಹೊತ್ತು ತನ್ನ ಎಡಗೈಯನ್ನೇ ನೋಡುತ್ತಿದ್ದಳು. ಆಮೇಲೆ ಪಂಪು ನಿಲ್ಲಿಸಿ, ಹೊಸ ಬಿಲ್ಲೆ ಕೂರಿಸಿ, ಎಡಗೈಯಲ್ಲಿ ಸ್ಪ್ಯಾನರು ಹಿಡಿದಳು.

"ನೀನು ಕಿವಿಕೊಟ್ಟು ಕೇಳು. ಬಂದಾಗ ಹೇಳು."

ಅವಳು ತಿರುಗಿಸಿದಳು. ಟಕ್ ಅಂದಿತು.

"ಬಂತು ಅಕ್ಕ."

ಅವಳು ತಿರುಗಿಸುತ್ತಲೇ ಇದ್ದಳು.

"ಅಕ್ಕ, ಬಂತು! ನಿಲ್ಸು!"

"ಬಂತಾ?" ಅವಳು ಸ್ಪ್ಯಾನರಿನಿಂದ ಕೈ ತೆಗೆದಳು. "ಯಾವಾಗ?"

ಪಂಪಿನ ಸದ್ದಿಗೆ ಅವಳ ಕಿವಿ ಮಂದವಾಗಿದ್ದು ಎಲ್ಲರಿಗೂ ಗೊತ್ತಿತ್ತು. ಎಡಗೈ ಬೆರಳುಗಳು ಜೋಮು ಹಿಡಿದು ವರ್ಷವಾಗುತ್ತ ಬಂದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹಣ್ಣಿನ ಕಾಲ ಶುರುವಾದ ಮೇಲೆ ಹೆಚ್ಚಾಗಿತ್ತಂತೆ. ಮುಂಚಿನ ಕೆಲಸಗಳಿಗೆ ಹಾಕುತ್ತಿದ್ದ ದಪ್ಪ ಅಂಚಿನ ಬಿಲ್ಲೆಗಳು ಅವಳ ಬಿಗಿತವನ್ನು ತಡೆದುಕೊಂಡಿದ್ದವು. ಈ ತೆಳು ಅಂಚಿನ ಬಿಲ್ಲೆಗಳಿಗೆ ಆಗಲಿಲ್ಲ. ಒಂದು ಪಕ್ಕ ಹಿಸುಕಿಸಿಕೊಂಡು ಅಲ್ಲಿಂದಲೇ ಹರಿಯುತ್ತಿದ್ದವು.

"ಯಾರಿಗೂ ಹೇಳ್ಬೇಡ ಅಕ್ಕ," ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. "ಇನ್ಮೇಲೆ ಆ ಬೋಲ್ಟು ನಾನೇ ಬಿಗಿದು ಕೊಡ್ತೀನಿ. ಡಿಸೆಂಬರಲ್ಲಿ ನಿನ್ನ ಕೆಲಸದ ಕರಾರು ಬೇರೆ ಮುಗಿಯುತ್ತೆ, ಮುಂದುವರಿಸ್ಬೇಕಲ್ಲ."

"ಹಂಗಾದ್ರೆ ಪ್ಯೊ ಗತಿ?" ಅಂದಳು.

ಸಿಡಿದ ಬಿಲ್ಲೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಳು.

ಶುಕ್ರವಾರ ಪ್ಯೊ ಬಾಂಗಿನ ಕೋಣೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದಾಗ ಅಕ್ಕ ಬಿಲ್ಲೆಗಳ ಬಟ್ಟೆಗಂಟು ಹಿಡಿದು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು, ನಾನು ಹೊರಗೆ ನಿಂತಿದ್ದೆ.

"ಬಿಲ್ಲೆ ಸರಿಯಾಗಿವೆ ಸಾರ್. ನನ್ನ ಕೈ ಸರಿಯಿಲ್ಲ," ಅಂದು ಗೆರೆ ತೋರಿಸಿ ಎಲ್ಲವನ್ನೂ ಹೇಳಿದಳು.

ಬಾಂಗ್ ಒಂದೊಂದೇ ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದ. "ಇದನ್ನ ನಾನು ಮೇಲಕ್ಕೆ ಬರೀಲೇಬೇಕಾಗುತ್ತೆ ಅಮ್ಮಾ. ಗೊತ್ತಲ್ಲ?"

"ಬರೀರಿ. ಹನ್ನೊಂದು ಸಲ ಹೆದರಿದೀನಿ, ಹನ್ನೆರಡನೇದಕ್ಕೆ ನನ್ನಲ್ಲಿ ಶಕ್ತಿ ಇಲ್ಲ."

ಪ್ಯೊ ಎದ್ದು ನಿಂತು ಅವಳಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ಅವಳು ಅದನ್ನು ಸರಿಯಾಗಿ ನೋಡಲೂ ಇಲ್ಲ. ಕುರ್ಚಿ ಎಳೆದು ಕೂತುಬಿಟ್ಟಳು. ಆ ಕೋಣೆಯಲ್ಲಿ ಅವಳು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವತ್ತು ಮಧ್ಯಾಹ್ನ ಹೊಸ ಬಿಲ್ಲೆಯ ನಾಲ್ಕೂ ಬೋಲ್ಟುಗಳನ್ನು ನಾನು ಬಿಗಿದೆ. ಒತ್ತಡ ಸಾವಿರದ ಐವತ್ತಕ್ಕೆ ಹೋಗಿ ಹತ್ತು ನಿಮಿಷ ಅಲ್ಲಾಡದೆ ನಿಂತಿತು. ವಾರದೊಳಗೆ ಬಾಂಗ್ ಬಿಲ್ಲೆಯ ಹಿಡಿಕೆಯನ್ನು ಗೋಡೆಯಿಂದ ಮುಂದಕ್ಕೆ ಸರಿಸಿದ. ಬಿಗಿತವನ್ನು ಅಂಕಿಯಲ್ಲಿ ತೋರಿಸುವ ಸ್ಪ್ಯಾನರು ತರಿಸಿದ. ಎರಡನ್ನೂ ಯಾವತ್ತೋ ಮಾಡಬಹುದಿತ್ತು. ಪ್ಯೊನ ಬಿಲ್ಲೆಗಳೇ ಮುಂದುವರಿದವು.

ಅಕ್ಕನ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯಾಯಿತು. ನರ ಬಹಳ ದಿನ ಅದುಮಿಹೋಗಿದೆ, ಪೂರ್ತಿ ಚೇತರಿಸಿಕೊಳ್ಳಲಾರದು ಅಂದರು ಡಾಕ್ಟರು. ಡಿಸೆಂಬರಿನವರೆಗೆ ವಾಲ್ವುಗಳಿಗೆ ಚೀಟಿ ಕಟ್ಟುವ ಕೆಲಸ ಕೊಟ್ಟರು, ಆಮೇಲೆ ಕರಾರು ಮುಂದುವರಿಸಲಿಲ್ಲ. ಕೊನೆಯ ದಿನ ಬಾಂಗ್ ಗೇಟಿನವರೆಗೂ ಅವಳ ಚೀಲ ಹೊತ್ತುಕೊಂಡು ಬಂದ.

ವಸಂತದಲ್ಲಿ ಒಂದು ಶನಿವಾರ ಅವಳ ಮನೆಗೆ ಹೋದೆ. ಬೆಲ್ಲು ಮಾಡಿ ಬಹಳ ಹೊತ್ತು ಕಾಯಬೇಕಾಯಿತು. ಕೆದರಿದ ತಲೆಯಲ್ಲಿ ಬಂದು ಬಾಗಿಲು ತೆಗೆದಳು.

"ಮಲಗಿದ್ಯಾ ಅಕ್ಕ, ಹನ್ನೊಂದು ಗಂಟೆಗೆ?"

"ಮಲಗ್ತಾನೇ ಇದೀನಿ ಕಣೇ, ಜನವರಿಯಿಂದ," ಅಂದಳು. "ಎಷ್ಟು ಮಲಗಿದ್ರೂ ತಳ ಸಿಕ್ತಿಲ್ಲ. ಬಾ ಒಳಗೆ, ಬಾರ್ಲಿ ನೀರು ಕಾಯಿಸ್ತೀನಿ. ಲೋಟ ಮಾತ್ರ ನೀನೇ ಎತ್ಕೋ."