ಹಾಡದ ಪೇಟಿ

"ಪೇಟಿ ಬನವತಾ ಯೇತೆ ಕಾ?" ಎಂದು ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯ ಸಾಹೇಬ ಮರಾಠಿಯಲ್ಲಿ ಕೇಳಿದಾಗ ಹೊಳಬಸಪ್ಪನಿಗೆ ಸ್ವರ್ಗ ಮೂರೇ ಗೇಣು. ಪೇಟಿ ಮಾಡಲು ಬರುತ್ತದೆಯೇ ಅಂದರೇನು! ಧಾರವಾಡದವರಿಗೂ ಪುಣೆಯವರಿಗೂ ಪೇಟಿ ಅಂದರೆ ಹಾರ್ಮೋನಿಯಂ. ಬಿಬವೇವಾಡಿಯ ರಾಘಣ್ಣನ ಅಂಗಡಿಯಲ್ಲಿ ಹನ್ನೆರಡು ವರ್ಷ ಅವನು ಮಾಡಿದ್ದೇ ಅದನ್ನು. ಎದೆಯುಬ್ಬಿಸಿ ಹೂಂ ಅಂದ. ಮರುದಿನ ಕೈಗೆ ಬಂದದ್ದು ಸುತ್ತಿಗೆ, ಮೊಳೆ ಮತ್ತು ಒರಟು ಹಲಗೆ. ಯಂತ್ರದ ಬಿಡಿಭಾಗ ತುಂಬಿ ಲಾರಿಗೆ ಏರಿಸುವ ಕಟ್ಟಿಗೆಯ ಪೆಟ್ಟಿಗೆಗೂ ಅಲ್ಲಿ ಪೇಟಿ ಎಂದೇ ಹೆಸರು. ಅದು 1996ರ ಮಾತು.

ಅಂದೇ ತಿರುಗಿ ಬರಬಹುದಿತ್ತು. ಆದರೆ ಆ ಕೆಲಸದ ಜೊತೆ ಇ.ಎಸ್.ಐ. ಕಾರ್ಡು ಸಿಗುತ್ತಿತ್ತು. ಹೆಂಡತಿ ಕಲ್ಲವ್ವನಿಗೆ ದಮ್ಮಿನ ಕಾಯಿಲೆ; ಕಾರ್ಡಿದ್ದರೆ ಡಾಕ್ಟರು, ಔಷಧ, ಆಸ್ಪತ್ರೆಯ ಮಂಚ ಎಲ್ಲ ಪುಕ್ಕಟೆ. ರಾಘಣ್ಣನ ಅಂಗಡಿಯಲ್ಲಿ ಸುರವಿತ್ತು, ಕಾರ್ಡಿರಲಿಲ್ಲ. ಹೊಳಬಸಪ್ಪ ಮೊಳೆ ಹೊಡೆಯುತ್ತ ಉಳಿದುಕೊಂಡ.

ಎಂಟು ವರ್ಷವಾದರೂ ಒಂದು ಚಾಳಿ ಬಿಡಲಿಲ್ಲ. ಪೇಟಿ ಮುಗಿದ ಕೂಡಲೇ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಡುವುದು. ಜೊತೆಯವರು ನಗುತ್ತಿದ್ದರು. ನಗಲಿ, ಅವರೇನು ಬಲ್ಲರು? ಅವನಿಗೆ ಹಾರ್ಮೋನಿಯಂನೊಳಗಿನ ಹಿತ್ತಾಳೆಯ ಸುರಪಟ್ಟಿಯನ್ನು ಕೆರೆದು ಸ್ವರ ಕೂಡಿಸುವ ಆಸೆ ಹೊಟ್ಟೆಯ ಹಸಿವಿನಷ್ಟೇ ನಿಜವಾಗಿತ್ತು.

ಒಂದು ಭಾನುವಾರ ರಾಘಣ್ಣನೇ ಮನೆಗೆ ಬಂದ. "ಹೊಳಬಸು, ಸುರ ಕೂಡಸಾಕ ನನ್ನ ಕಿವಿ ಸಾಲವಲ್ದು. ಬಾರೋ. ಫ್ಯಾಕ್ಟರಿಗಿಂತ ಪಗಾರ ಹೆಚ್ಚ ಕೊಡ್ತೇನಿ."

ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆಯಿಲ್ಲ. ಎಂಟು ವರ್ಷ ಈ ಒಂದು ಕರೆಗಾಗಿಯೇ ಅವನು ಕಾದಿದ್ದ. ಆದರೂ ಕೇಳಿದ: "ಮತ್ತ ದವಾಖಾನಿದು?"

"ಅದೊಂದು ನನ್ನ ಕೈಯಾಗಿಲ್ಲಪಾ."

"ಹೋಗ್ರಿ ನೀವು," ಒಲೆಯ ಹತ್ತಿರದಿಂದ ಕಲ್ಲವ್ವ ಅಂದಳು, "ನಂಗ ಈಗ ಭಾಳ ಆರಾಮ ಅದ." ಅಷ್ಟು ಹೇಳಲು ಎರಡು ಸಲ ನಿಂತು ಉಸಿರೆಳೆದುಕೊಂಡಳು. ಪೇಟಿಯ ತಿದಿಯಲ್ಲಿ ಗಾಳಿ ಎಲ್ಲಿ ಸೋರುತ್ತದೆಂದು ಹಿಡಿಯುವ ಕಿವಿ ಅವನದು.

"ಬ್ಯಾಡ್ರಿ, ರಾಘಣ್ಣಾರ," ಅಂದ. ಚಹಾ ಕುಡಿದು ರಾಘಣ್ಣ ಹೊರಟುಹೋದ.

ಮುಂದಿನ ವಾರ ಗಂಡಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದಾಗ ಕಿಟಕಿಯಲ್ಲಿ ಮರಾಠಿ ಗುಮಾಸ್ತೆ, ಗಂಡ ಏನು ಕೆಲಸ ಮಾಡುತ್ತಾರೆಂದು ಕಲ್ಲವ್ವನನ್ನು ಕೇಳಿದಳು. ಪೇಟಿ ಮಾಡುತ್ತಾರೆ ಅಂದಳು ಕಲ್ಲವ್ವ. ಗುಮಾಸ್ತೆಯ ಮುಖ ಅರಳಿತು. ತನ್ನ ಮಗಳು ಹಾಡು ಕಲಿಯುತ್ತಿದ್ದಾಳೆ, ಅವಳಿಗೊಂದು ಒಳ್ಳೆಯ ಪೇಟಿ ಮಾಡಿಕೊಡುತ್ತೀರಾ ಎಂದಳು.

ಹೊಳಬಸಪ್ಪ ತಡೆಯದೆ ಕೇಳಿಬಿಟ್ಟ: "ಮಗಳು ಯಾವ ಸುರದಲ್ಲಿ ಹಾಡ್ತಾಳೆ, ಬಾಯಿಯವರೆ? ಪೇಟಿಯ ಕರಿ ಮನೆ ನಾಲ್ಕೋ, ಬಿಳಿ ಮನೆ ಐದೋ?"

"ಕರಿ ನಾಲ್ಕು."

 ಹನ್ನೆರಡು ವರ್ಷ ಬೆರಳಿಗಂಟಿದ್ದ ಆ ಸ್ವರ ಕಿವಿಯೊಳಗೆ ನಿಚ್ಚಳವಾಗಿ ಎದ್ದಿತು. ಪಕ್ಕದಲ್ಲಿ ಕಲ್ಲವ್ವ ಕೆಮ್ಮಿದಳು.

"ನಾ ಮಾಡೋ ಪೇಟಿ ಹಾಡೋದಿಲ್ಲ, ಬಾಯಿಯವರೆ," ಅಂದು ಕಾರ್ಡನ್ನು ಕಿಟಕಿಯೊಳಗೆ ಸರಿಸಿದ.